ಟೈಲರ್ ಮಾಮನ ಕೆಮ್ಮು

ಟೈಲರ್ ಮಾಮ ಸಿಗರೇಟು ಬಿಟ್ಟರೂ ಅದರ ಠೀವಿ ಬಿಟ್ಟಿಲ್ಲ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನೂ ಎರಡು ಬೆರಳ ನಡುವೆ ಹಿಡಿದು, ಬೂದಿ ಕೊಡವುವಂತೆ ತಟ್ಟುತ್ತಾರೆ. ಇನ್‌ಹೇಲರ್ ತರಲು ಎದುರಿನ ಮೆಡಿಕಲ್ ಶಾಪಿಗೆ ಹೊರಟರೆ ರಸ್ತೆ ದಾಟುವಾಗಲೇ ಕೆಮ್ಮು ಶುರು. ಕಣ್ಣಲ್ಲಿ ನೀರು ಬರುವಷ್ಟು, ಬೀದಿಯೆಲ್ಲ ತಿರುಗಿ ನೋಡುವಷ್ಟು. "ಇನ್ನೂ ಸೇದಿ ಮಾಮಾ," ಎಂದು ಅಂಗಡಿಯವನು ಚುಚ್ಚಿದರೆ, "ಅನುಭವಿಸ್ಬೇಕಲ್ಲಪ್ಪಾ," ಎಂದು ತಲೆ ತಗ್ಗಿಸುತ್ತಾರೆ. ಬೈಸಿಕೊಂಡಷ್ಟೂ ಅವರಿಗೆ ಸಮಾಧಾನ. ವಾಪಸು ಬಂದು ಹೊಸಿಲು ದಾಟಿದ್ದೇ ತಡ, ಕೆಮ್ಮು ಮಂಗಮಾಯ. ಕಿಟಕಿಯಿಲ್ಲದ ಒಳಕೋಣೆಯಲ್ಲಿ ಹೆಂಡತಿ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುತ್ತಿರುತ್ತಾರೆ. ಒಂದು ದಿನವೂ ಸೇದದೆ, ಗಂಡ ಬಿಟ್ಟ ಹೊಗೆಯನ್ನೇ ಕುಡಿದು ಶ್ವಾಸಕೋಶ ಕೆಡಿಸಿಕೊಂಡವರು. ಇನ್‌ಹೇಲರ್ ಅವರದು. ಮಾಮ ಅದನ್ನು ಕೈಗಿಟ್ಟು ಮುಖ ತಪ್ಪಿಸುತ್ತಾರೆ. ಮದ್ದು ಎಳೆದುಕೊಂಡು, ಉಸಿರು ತಹಬಂದಿಗೆ ಬಂದ ಮೇಲೆ ಬೀದಿಯ ಕೆಮ್ಮನ್ನು ಒಳಗಿನಿಂದಲೇ ಆಲಿಸಿದ್ದ ಆಕೆ ಮೆಲ್ಲಗೆ ಕೇಳುತ್ತಾರೆ: "ನಾನು ಅಷ್ಟು ಜೋರಾಗಿ ಕೆಮ್ತೀನೇನ್ರೀ?"