ದ್ಯಾವಣ್ಣನ ಎತ್ತರ

ಲಿಂಗಸುಗೂರಿನ ನಮ್ಮ ಮನೆಗೆ ನೀವು ಬಂದರೆ, ಕಾಲು ತೊಳೆದು ಪಡಸಾಲೆಗೆ ಕಾಲಿಡುವಾಗ, ಬಲಗಡೆ ಬಾಗಿಲ ಚೌಕಟ್ಟಿನ ಮೇಲೆ ಚಾಕುವಿನಿಂದ ಕೊರೆದ ಎರಡು ಗೀರುಗಳು ಕಾಣುತ್ತವೆ. ಒಂದರ ಮೇಲೊಂದು, ನಡುವಿನ ಅಂತರ ಅರ್ಧ ಗೇಣಿಗೆ ತುಸು ಹೆಚ್ಚು. ಬಂದವರೆಲ್ಲ ಅದನ್ನು ಕಂಡು, ಮಕ್ಕಳು ಬೆಳೆದ ಗುರುತೇ ಎಂದು ಅಕ್ಕರೆಯಿಂದ ಕೇಳುತ್ತಾರೆ. ಐದು ಅಡಿ ಮೂರು ಅಂಗುಲದಿಂದ ಬೆಳೆಯಲು ಶುರುಮಾಡಿ ಐದು ಅಡಿ ಎಂಟು ಅಂಗುಲಕ್ಕೇ ಸಾಕೆಂದು ನಿಲ್ಲಿಸಿದ ಮಗು ನಮ್ಮ ಮನೆಯಲ್ಲಿ ಯಾವುದೂ ಹುಟ್ಟಿಲ್ಲ. ಆದರೂ ಬಂದವರ ಅಕ್ಕರೆ ಕೆಡಿಸಬಾರದೆಂದು ನಾನು ಬಹಳ ಕಾಲ ಹೂಂಗುಟ್ಟುತ್ತಿದ್ದೆ. ಬಾಗಿಲಿಗೆ ಬಣ್ಣ ಹಚ್ಚಲು ಬಂದವನು ಮೆತ್ತಿ ಮುಚ್ಚಿಕೊಡುತ್ತೇನೆ ಎಂದಾಗ ಮಾತ್ರ ಬೇಡವೆಂದೆ. ಯಾಕೆ ಬೇಡವೆಂದೆ ಎಂಬುದನ್ನು ನಿಮಗೆ ಹೇಳಬೇಕು.

ನಿಜಾಮರ ಆಡಳಿತ ಮುಗಿದು ನಾಲ್ಕೈದು ವರ್ಷಗಳಾಗಿದ್ದ ಕಾಲ ಅದು. ನಾನು ಒಂದು ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಹಂಗಾಮಿ ನೌಕರ. ವರ್ಷಕ್ಕೊಮ್ಮೆ ಹೈದರಾಬಾದಿನ ಸಾಹೇಬರು ಸಹಿ ಹಾಕಿದರೆ ಇನ್ನೊಂದು ವರ್ಷ ನೌಕರ, ಹಾಕದಿದ್ದರೆ ಅಲ್ಲ. ಮಸ್ಕಿ, ಲಿಂಗಸುಗೂರು, ಸಿಂಧನೂರು ಸೀಮೆಯಲ್ಲಿ ಇರುವ ಪ್ರಾಚೀನ ಕಲ್ಲುಗಳನ್ನೆಲ್ಲ ಪಟ್ಟಿ ಮಾಡಿ, ಅಳತೆ ಹಾಗೂ ಫೋಟೋ ಸಮೇತ ಕಳುಹಿಸತಕ್ಕದ್ದೆಂದು ಹುಕುಂ ಬಂತು. ಮಸ್ಕಿಯ ಗುಡ್ಡದಲ್ಲಿ ಬರಹವಿರುವ ಬಂಡೆಯನ್ನು ನೋಡಿಕೊಳ್ಳಲು ದೊಡ್ಡವರಿದ್ದರು. ನನ್ನ ಪಾಲಿಗೆ ಬಂದದ್ದು ಹೊಲದ ನಡುವೆ ಒಂಟಿಯಾಗಿ ನಿಂತ ಕಲ್ಲುಗಳು, ದುಂಡಗೆ ಹೂಳಿದ ಗುಂಡುಗಳ ಸಾಲುಗಳು, ನಾಲ್ಕು ಚಪ್ಪಡಿಗಳ ಮೇಲೆ ಮುಚ್ಚಳವಿಟ್ಟ ಸಮಾಧಿ ಕೋಣೆಗಳು. ಊರವರು ಅವನ್ನು ಮೋರ್ಯರ ಮನೆ ಎನ್ನುತ್ತಿದ್ದರು. ಮೋರ್ಯರು ಮೂರಡಿಯ ಕುಳ್ಳರಾಗಿದ್ದರೆಂದೂ ಸೇರಿಸುತ್ತಿದ್ದರು. ಅಕ್ಷರವಿದ್ದ ಕಲ್ಲಿಗೆ ಅರಸರು, ಪಂಡಿತರು, ಕಾವಲುಗಾರರು ಇರುತ್ತಾರೆ. ಅಕ್ಷರವಿಲ್ಲದ ಕಲ್ಲಿಗೆ ಹಂಗಾಮಿ ನೌಕರನೇ ಗತಿ.

ಉದ್ದಗಲ ಅಳೆಯಲು ಟೇಪು ಇತ್ತು. ಎತ್ತರಕ್ಕೆಂದು ಕಪ್ಪು ಬಿಳಿ ಪಟ್ಟೆ ಬಳಿದ ಅಳತೆಗೋಲು ಹೈದರಾಬಾದಿನಿಂದ ಬಂದಿತ್ತು. ಅದನ್ನು ಲಿಂಗಸುಗೂರಿನಲ್ಲಿ ಬಸ್ಸಿನ ಮೇಲೆ ಹಾಕಿದೆವು. ಮುದಗಲ್ಲಿನಲ್ಲಿ ಇಳಿದಾಗ ಬಸ್ಸು ಇತ್ತು, ಕೋಲು ಇರಲಿಲ್ಲ. ಇಂದಿಗೂ ಯಾರದೋ ಅಂಗಳದಲ್ಲಿ ಸರ್ಕಾರಿ ಅಳತೆಯ ಮೇಲೆ ಸೀರೆಗಳು ಒಣಗುತ್ತಿರಬೇಕು. ಇನ್ನೊಂದು ಕೋಲು ಕೊಡಿಸಬೇಕೆಂದು ಅರ್ಜಿ ಬರೆದೆ. ವಿಷಯ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಇಂದಿಗೂ ಅದು ಅಲ್ಲಿಯೇ ಇದೆ. ಕಲ್ಲನ್ನು ಹತ್ತಿ ಟೇಪು ಇಳಿಬಿಡೋಣವೆಂದರೆ ಊರವರು ಬಿಡುತ್ತಿರಲಿಲ್ಲ, ಅವುಗಳಿಗೆ ಕಾಲು ತಾಗಿಸಬಾರದು. ಹಾಗಾಗಿ ನಾನು ಕಚೇರಿಯ ಜವಾನ ದ್ಯಾವಣ್ಣನನ್ನೇ ಕೋಲು ಮಾಡಿಕೊಂಡೆ. ಅವನು ಕಲ್ಲಿನ ಪಕ್ಕ ನಿಲ್ಲುವುದು, ನಾನು ಪೆಟ್ಟಿಗೆ ಕ್ಯಾಮೆರಾದಿಂದ ಫೋಟೋ ಹೊಡೆಯುವುದು. ಫೋಟೋದಲ್ಲಿ ದ್ಯಾವಣ್ಣನಿಗಿಂತ ಕಲ್ಲು ಎಷ್ಟು ಪಾಲು ಎತ್ತರವೋ ಅಷ್ಟು ಪಾಲು ಲೆಕ್ಕ ಹಾಕುವುದು.

ದ್ಯಾವಣ್ಣ ಮಸ್ಕಿ ಕಡೆಯವನು, ಐವತ್ತರ ಆಸುಪಾಸು, ನನಗಿಂತ ಇಪ್ಪತ್ತೈದು ವರ್ಷ ದೊಡ್ಡವನು. ಅವನ ಎತ್ತರ ಗೊತ್ತಾಗಬೇಕಲ್ಲ? ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ರುಮಾಲು ಬಿಚ್ಚಿಟ್ಟು ಊಟ ಮಾಡಿ, ಕೈತೊಳೆದು ಎದ್ದವನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ, ತಲೆಯ ಮಟ್ಟಕ್ಕೆ ಚಾಕುವಿನಿಂದ ಗೀರು ಹಾಕಿದೆ. ಅದೇ ಕೆಳಗಿನ ಗೀರು. ಐದು ಅಡಿ ಮೂರು ಅಂಗುಲ ಎಂದು ನೋಟುಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಆಮೇಲೆ ಅವನು ರುಮಾಲು ಸುತ್ತಿಕೊಂಡ, ಇಬ್ಬರೂ ಹೊಲಗಳ ಕಡೆಗೆ ಹೊರಟೆವು. ತಪ್ಪು ಎಲ್ಲಾಯಿತೆಂದು ನಿಮಗೆ ಆಗಲೇ ಹೊಳೆದಿರಬೇಕು. ನನಗೆ ಹೊಳೆಯಲು ಎರಡು ವರ್ಷ ಬೇಕಾಯಿತು.

ಆ ಎರಡು ವರ್ಷ ಸುಖವಾಗಿದ್ದೆವು. ಸಿಂಧನೂರಿನ ಎರೆಹೊಲಗಳಲ್ಲಿ ಟೇಪು ಬಿಚ್ಚಿದರೆ ಸಾಕು, ಕಾಲುವೆ ಗುರುತು ಮಾಡಲು ಬಂದವರೆಂದು ತಿಳಿದು ರೈತರು ಗಟ್ಟಿ ಮಜ್ಜಿಗೆ ತಂದುಕೊಡುತ್ತಿದ್ದರು. ಕಲ್ಲಿನ ಸಲುವಾಗಿ ಬಂದಿದ್ದೇವೆಂದು ಗೊತ್ತಾದ ಮೇಲೂ ಮಜ್ಜಿಗೆ ಬರುತ್ತಿತ್ತು, ನೀರು ತುಸು ಹೆಚ್ಚಿರುತ್ತಿತ್ತು. ದ್ಯಾವಣ್ಣ ಕಲ್ಲಿನ ಪಕ್ಕ ನಿಂತರೆ ಕಲ್ಲಿಗಿಂತ ಗಟ್ಟಿಯಾಗಿ ನಿಲ್ಲುತ್ತಿದ್ದ. ಕೈ ತೊಡೆಗಂಟಿಸಿ, ಬಿಳಿ ರುಮಾಲು ನೆಟ್ಟಗಿದೆಯೇ ಎಂದು ಮುಟ್ಟಿ ನೋಡಿಕೊಂಡು, ಮುಖ ಬಿಗಿದು ನಿಂತುಬಿಡುತ್ತಿದ್ದ. ನಿಲ್ಲುವ ಮುನ್ನ ಕಲ್ಲಿಗೊಮ್ಮೆ ಕೈಮುಗಿಯುವನು. ಯಾಕೆಂದು ಕೇಳಿದ್ದಕ್ಕೆ, "ಇವು ಹಿರೇರ ಜಾಗ ರೀ. ಯಾರ ಹಿರೇರಂತ ಗೊತ್ತಿಲ್ಲ. ಯಾರವರಾದ್ರೂ ಹಿರೇರು ಹಿರೇರ" ಎಂದ. ನನ್ನ ವರದಿಯಲ್ಲಿ ಇದಕ್ಕಿಂತ ಖಚಿತವಾದ ಮಾತು ಒಂದೂ ಇರಲಿಲ್ಲ. ಒಂದು ಹೆಸರಿಲ್ಲ, ಒಂದು ಇಸವಿಯಿಲ್ಲ. ಸತ್ತವರನ್ನು ಇಷ್ಟು ಭಾರದ ಕಲ್ಲೆಳೆದು ಗೌರವಿಸಿದವರು ತಮ್ಮ ಬಗ್ಗೆ ಒಂದಕ್ಷರವನ್ನೂ ಬರೆದಿಡದೆ ಹೋಗಿದ್ದಾರೆ. ನಾವೋ ಒಂದು ಕೋಲು ಕಳೆದದ್ದಕ್ಕೆ ಮೂರು ಪುಟ ಬರೆದಿದ್ದೆವು.

ಎರಡನೆಯ ವರ್ಷದ ಕೊನೆಗೆ ಸಾಹೇಬರು ತಪಾಸಣೆಗೆ ಬಂದರು. ಮೆದುಮಾತಿನ ಉರ್ದುವಿನ ಸಜ್ಜನರು. ಹರೆಯದಲ್ಲಿ ವಿಲಾಯತಿಗೆ ಓದಲು ಹೋದಾಗ ಸೈಕಲ್ಲಿನ ಮೇಲೆ ಇಂಗ್ಲೆಂಡು, ಐರ್ಲೆಂಡು, ಫ್ರಾನ್ಸುಗಳ ಹಳೆಯ ಕಲ್ಲುಗಳನ್ನೆಲ್ಲ ನೋಡಿ ಫೋಟೋ ತೆಗೆದಿದ್ದರು. ಆ ಆಲ್ಬಮ್ಮು ಇಲ್ಲದೆ ಅವರು ಎಲ್ಲಿಗೂ ಹೋಗುತ್ತಿರಲಿಲ್ಲ. ನಮಗೂ ತೋರಿಸಿದರು. ನನಗೆ ಸೋಜಿಗವಾಯಿತು. ಸಮುದ್ರಗಳಾಚೆ, ಮಂಜು ಬೀಳುವ ಹುಲ್ಲುಗಾವಲಿನಲ್ಲಿ, ನಮ್ಮವೇ ನಾಲ್ಕು ಚಪ್ಪಡಿ, ಅದರ ಮೇಲೆ ನಮ್ಮದೇ ಮುಚ್ಚಳ. ಅಲ್ಲಿಯ ರೈತರೂ ಉಳುವಾಗ ಕಲ್ಲನ್ನು ಬಿಟ್ಟು ಸುತ್ತು ಹಾಕಿ ಹೋಗುತ್ತಾರಂತೆ. ಪ್ರತಿ ಕಲ್ಲಿನ ಪಕ್ಕದಲ್ಲೂ, ಅಳತೆಗೆಂದು, ಅವರು ಬಾಡಿಗೆಗಿದ್ದ ಮನೆಯ ಯಜಮಾನಿ ನಿಂತಿದ್ದಳು. ಗರಿ ಚುಚ್ಚಿದ ಟೋಪಿ, ದ್ಯಾವಣ್ಣನದೇ ಬಿಗಿದ ಮುಖ. ದ್ಯಾವಣ್ಣ ಹಿಂದೆ ನಿಂತು ಒಂದೊಂದೇ ಪುಟ ನೋಡಿದ.

ಮರುದಿನ ಮಸ್ಕಿ ಹತ್ತಿರದ ದೊಡ್ಡ ಒಂಟಿಗಲ್ಲಿನ ಮುಂದೆ ಸಾಹೇಬರು ತಮ್ಮ ಊರುಗೋಲನ್ನು ಎತ್ತಿ ಹಿಡಿದರು. ಅದರ ಮೇಲೆ ಅಂಗುಲಗಳಿದ್ದವು. ನನ್ನ ನೋಟುಬುಕ್ಕಿನಲ್ಲಿ ಆ ಕಲ್ಲು ಸುಮಾರು ಒಂದಡಿ ಗಿಡ್ಡ. "ಪತ್ಥರ್ ಬಢ್ ಗಯಾ ಕ್ಯಾ?" ಎಂದು, ಕಲ್ಲು ಬೆಳೆಯಿತೇ ಎಂದು, ಅವರು ವಿನಯದಿಂದಲೇ ಕೇಳಿದರು. ಆಮೇಲೆ ಫೋಟೋ ನೋಡಿದರು, ದ್ಯಾವಣ್ಣನನ್ನು ನೋಡಿದರು, ರುಮಾಲು ನೋಡಿದರು. ಮೋರ್ಯರು ಕುಳ್ಳರಾಗಿದ್ದರೋ ಇಲ್ಲವೋ, ಬರಿದಲೆಯನ್ನು ಅಳೆದು ರುಮಾಲಿನ ಸಮೇತ ಫೋಟೋ ಹೊಡೆದು, ಅವರ ಕಲ್ಲುಗಳನ್ನಂತೂ ನಾನು ಕುಳ್ಳಗೆ ಮಾಡಿದ್ದೆ. ಫೋಟೋಗಳನ್ನೆಲ್ಲ ಮತ್ತೆ ತೆಗೆಯಬೇಕು, ಈ ಮನುಷ್ಯ ಬರಿದಲೆಯಲ್ಲಿ ನಿಲ್ಲಬೇಕು ಎಂದು ಹುಕುಂ ಆಯಿತು. ಸಾಹೇಬರು ಮುದಗಲ್ಲಿನ ಕೋಟೆ ನೋಡಿ ಮೂರು ದಿನದಲ್ಲಿ ತಿರುಗಿ ಬರುವವರಿದ್ದರು. ನನ್ನ ವರ್ಷದ ಸಹಿ ಆಗಿರಲಿಲ್ಲ. ಮನೆಯಲ್ಲಿ ಹೆಂಡತಿಗೆ ಏಳು ತಿಂಗಳು.

ಅವರು ಹೋದ ಮೇಲೆ ದ್ಯಾವಣ್ಣ ರುಮಾಲನ್ನು ಎರಡೂ ಕೈಯಿಂದ ಮುಟ್ಟಿ ನೋಡಿಕೊಂಡ. ನಮ್ಮ ಸೀಮೆಯಲ್ಲಿ ಗಂಡಸು ಹೊರಗೆ ಬರಿದಲೆಯಲ್ಲಿ ನಿಲ್ಲುವುದು ಮನೆಯಲ್ಲಿ ಸಾವಾದಾಗ ಮಾತ್ರ. ಸೂತಕ ಕಳೆದ ದಿನ ಸೋದರಮಾವನೋ ಬೀಗರೋ ಮತ್ತೆ ರುಮಾಲು ಸುತ್ತುತ್ತಾರೆ.

"ಇವುಗಳ ಮುಂದ ರುಮಾಲು ತಗದು ನಿಂತ್ರ, ನಮ್ಮನ್ಯಾಗ ಯಾರೋ ತೀರಿಕೊಂಡಾರಂತ ಹಿರೇರಿಗಿ ಹೇಳಿದಂಗ ಆಕ್ಕೈತ್ರಿ" ಎಂದ. "ನನ್ನ ಮಗ ಸಂಗಪ್ಪ ಹಟ್ಟಿ ಬಂಗಾರದ ಗಣ್ಯಾಗ ದಿನಾ ನೆಲದಾಗ ಇಳೀತಾನ. ನಾ ಹೆಂಗ ತಗೀಲಿ ಹೇಳ್ರಿ." ಆಮೇಲೆ, "ಆ ಪುಸ್ತಕದಾಗಿನ ಅಮ್ಮಾರು ಟೋಪಿ ತಗದಿಲ್ಲಲ್ರಿ" ಎಂದ.

ಆ ಟೋಪಿಯ ಮಾತು ಸಾಹೇಬರಿಗೆ ಹೇಳಬೇಕಾದ ಮಾತಾಗಿತ್ತು. ಹೇಳಿದ್ದರೆ ಅವರು ನಗುತ್ತಿದ್ದರೇನೋ, ಒಪ್ಪುತ್ತಿದ್ದರೇನೋ. ನಾನು ಹೇಳಲಿಲ್ಲ. ಬದಲಿಗೆ ನನ್ನ ಸಹಿಯ ವಿಷಯ, ಹೆಂಡತಿಯ ವಿಷಯ ಎರಡನ್ನೂ ದ್ಯಾವಣ್ಣನಿಗೆ ಹೇಳಿದೆ. ಹೆದರಿದ್ದೆ ಎಂದು ಈಗ ಬರೆಯಲು ನಾಚಿಕೆಯಿಲ್ಲ. ಆಗ ನಾಚಿಕೆ ಆಗಲಿಲ್ಲವಲ್ಲ ಎಂಬುದೇ ನಾಚಿಕೆ.

ಮರುದಿನ ಬೆಳಿಗ್ಗೆ ಅವನಾಗಿಯೇ ಆ ಒಂಟಿಗಲ್ಲಿನ ಬಳಿ ಹೋಗಿ ನಿಂತ. ಕೈಮುಗಿದ. ರುಮಾಲು ಬಿಚ್ಚಿದ, ಸುತ್ತು ಸುತ್ತಾಗಿ ಮಡಚಿದ, ನೆಲಕ್ಕಿಡದೆ ನನ್ನ ಕೈಗೆ ಕೊಟ್ಟ. ಬಿಸಿಲಿನಲ್ಲಿ ಅವನ ಹಣೆಯ ಮೇಲ್ಭಾಗ ಬೇರೆ ಯಾರದೋ ಎಂಬಷ್ಟು ಬೆಳ್ಳಗಿತ್ತು. ಕ್ಯಾಮೆರಾದ ಕಡೆ ನೋಡಲಿಲ್ಲ. ಹಟ್ಟಿಯ ದಿಕ್ಕಿಗೆ ನೋಡುತ್ತಿದ್ದ. ರುಮಾಲನ್ನು ಕಂಕುಳಲ್ಲಿ ಇರುಕಿಕೊಂಡು ನಾನು ಫೋಟೋ ಹೊಡೆದೆ.

"ಆತೇನ್ರಿ?" ಎಂದ.

"ಆತು" ಎಂದೆ.

ರುಮಾಲು ಸುತ್ತಿಕೊಂಡವನು ಉಳಿದ ಕಲ್ಲುಗಳ ಮಾತೆತ್ತದೆ ನೇರ ಬಸ್ಸಿನ ಕಡೆ ನಡೆದ. ಮಾರನೆಯ ಮಧ್ಯಾಹ್ನ ನಮ್ಮ ಬಾಗಿಲಲ್ಲಿ ಬಂದು ನಿಂತು, "ಅದಾನ್ರಿ, ಆರಾಮ ಅದಾನ" ಎಂದಷ್ಟೇ ಹೇಳಿದ. ಹಟ್ಟಿಗೆ ಹೋಗಿ, ಪಾಳಿ ಮುಗಿಸಿ ಮಗ ಮೇಲೆ ಬಂದದ್ದನ್ನು ಕಣ್ಣಾರೆ ಕಂಡು ಬಂದಿದ್ದ. ನಾನು ಮಾತ್ರ ಅವನ ಪಕ್ಕದ ಚೌಕಟ್ಟನ್ನು ನೋಡುತ್ತಿದ್ದೆ. ಎರಡು ವರ್ಷದ ಹಿಂದಿನ ಗೀರು ರುಮಾಲಿನ ನಡುವಿಗೆ ಬಂದಿತ್ತು. ರುಮಾಲಿನ ನೆತ್ತಿ ಎಷ್ಟೋ ಮೇಲಿತ್ತು. ರುಮಾಲು ಸಮೇತ ಅವನನ್ನು ಇನ್ನೊಮ್ಮೆ ಅಳೆದಿದ್ದರೆ ಆಗಿಹೋಗುತ್ತಿತ್ತು. ಮೂವತ್ತು ವರ್ಷದಿಂದ ಅವನು ಅದೇ ರುಮಾಲನ್ನು ಅಷ್ಟೇ ಸುತ್ತು ಸುತ್ತುತ್ತಿದ್ದ. ಸರ್ಕಾರಿ ಕೋಲಾದರೂ ಅಷ್ಟು ಖಚಿತವಿರಲಿಲ್ಲ. ಹುಕುಂ ಕಿವಿಗೆ ಬಿದ್ದೊಡನೆ ಬುದ್ಧಿ ರಜೆ ಹಾಕಿ ಹೋಗಿತ್ತು, ಈಗ ತಿರುಗಿ ಬಂದಿತ್ತು. ಒಳಗಿನಿಂದ ಚಾಕು ತಂದು ಎರಡನೆಯ ಗೀರು ಹಾಕಿದೆ. ಅದು ಯಾಕೆಂದು ಅವನು ಕೇಳಲಿಲ್ಲ. ಗೊತ್ತಾಗದೆ ಇರುವಷ್ಟು ದಡ್ಡನೂ ಅವನಲ್ಲ.

ಅಂದು ಸಂಜೆಯೊಳಗೆ, ಆ ಐದು ಅಡಿ ಎಂಟು ಅಂಗುಲವನ್ನು ಹಿಡಿದು ಶಾಲೆಯಲ್ಲಿ ಕಲಿತ ತ್ರೈರಾಶಿಯಿಂದ, ಸಾವಿರಾರು ವರ್ಷ ತೆಪ್ಪಗೆ ನಿಂತಿದ್ದ ನಮ್ಮ ಸೀಮೆಯ ಕಲ್ಲುಗಳೆಲ್ಲ ಒಟ್ಟಿಗೆ ಬೆಳೆದವು. ಸಾಹೇಬರು ಬಂದು ತಮ್ಮ ಊರುಗೋಲಿನಿಂದ ಒಂದೆರಡನ್ನು ಒರೆಹಚ್ಚಿ ನೋಡಿ, ಠೀಕ್ ಹೈ ಎಂದು ಸಹಿ ಹಾಕಿದರು. ಬರಿದಲೆಯ ಫೋಟೋವನ್ನು ಅವರು ಕೇಳಲೂ ಇಲ್ಲ. ಆಮೇಲೆ ರಾಯಚೂರಿನಿಂದ ತೊಳೆದು ಬಂದ ಆ ಒಂದು ಪ್ರತಿಯನ್ನು ನನ್ನ ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಐವತ್ತಾರರಲ್ಲಿ ಹೈದರಾಬಾದ್ ರಾಜ್ಯ ಒಡೆಯಿತು. ನಾವು ಈ ಕಡೆಗೆ, ಕನ್ನಡದ ರಾಜ್ಯಕ್ಕೆ ಬಂದೆವು, ಕಚೇರಿಯ ಕೆಂಪು ಬಟ್ಟೆಯ ಗಂಟುಗಳು ಎರಡು ದಿಕ್ಕಿಗೆ ಹೋದವು. ಫೋಟೋಗಳ ಗಂಟು ಹೈದರಾಬಾದಿಗೆ ಹೋಯಿತು. ಅದರಲ್ಲಿ ದ್ಯಾವಣ್ಣ ಮೂವತ್ತು ನಲವತ್ತು ಕಡೆ ರುಮಾಲು ಸುತ್ತಿ ನಿಂತಿದ್ದಾನೆ. ಅಡಿಬರಹದಲ್ಲಿ ಕಲ್ಲಿನ ಹೆಸರಿದೆ, ಅವನದಿಲ್ಲ. ಅದೇ ವರ್ಷ ಅವನು ಜ್ವರದಿಂದ ತೀರಿಕೊಂಡ.

ತಿಂಗಳಾದ ಮೇಲೆ ಸಂಗಪ್ಪ ನಮ್ಮ ಮನೆಗೆ ಬಂದ. ಸೋದರಮಾವ ಸುತ್ತಿದ ಹೊಸ ರುಮಾಲು ಅವನ ತಲೆಯ ಮೇಲೆ ಇನ್ನೂ ಹೊಂದಿಕೊಂಡಿರಲಿಲ್ಲ.

"ಅಪ್ಪನ ಫೋಟೋ ಒಂದು ಸಿಗ್ತೈತೇನ್ರಿ? ಮನ್ಯಾಗ ಒಂದೂ ಇಲ್ಲ. ಸರಕಾರದಾಗ ಬಾಳ ಅದಾವಂತ ಅವ್ವ ಹೇಳ್ತಾಳ."

ಇಲ್ಲವೆಂದು ಕಳಿಸಬಹುದಿತ್ತು. ಪೆಟ್ಟಿಗೆಯ ತಳದಿಂದ ತೆಗೆದು ಕೊಟ್ಟೆ. ಅವನು ಬಹಳ ಹೊತ್ತು ನೋಡಿದ.

"ಅವಾಗ ಯಾರು ತೀರಿಕೊಂಡಿದ್ರು ರೀ?"

"ಯಾರೂ ಇಲ್ಲಪ್ಪ. ನನ್ನ ನೌಕರಿ ಹೋಗೂದಿತ್ತು. ಅದರ ಸಲುವಾಗಿ ತಗದ."

ಸಂಗಪ್ಪ ಫೋಟೋವನ್ನು ಚಾಪೆಯ ಮೇಲೆ ಬೋರಲು ಹಾಕಿದ. "ಒಂದಿನ ಗಣಿ ಬಾಗಿಲಿಗಿ ಬಂದು ನಿಂತಿದ್ದ. ಯಾಕ ಬಂದಿ ಅಂದ್ರ, ಸುಮ್ನ ಬಂದೆ ಅಂದ" ಎಂದ. ಆಮೇಲೆ, "ಇದನ್ನ ಅವ್ವಗ ತೋರಸಾಕ ಆಗಂಗಿಲ್ರಿ. ಇದು ನಿಮ್ಮಲ್ಲೇ ಇರ್ಲಿ."

ನನಗೆ ಅಳು ಬಂತು. ಕೊಡಲು ಬೇರೇನೂ ಇಲ್ಲದೆ ಅವನನ್ನು ಬಾಗಿಲಿಗೆ ಕರೆದೊಯ್ದು ಮೇಲಿನ ಗೀರು ತೋರಿಸಿದೆ, ಇದು ನಿಮ್ಮಪ್ಪನದು ಎಂದೆ. ಅವನು ಅದನ್ನು ಬೆರಳಿನಿಂದ ಸವರಿದ. ನನ್ನ ಹೆಂಡತಿಯ ಕಡೆ ತಿರುಗಿ, "ಅಕ್ಕಾರ, ಒಂದೀಟು ದಾರ ಕೊಡ್ರಿ" ಎಂದು ಕೇಳಿದ. ದಾರದ ಒಂದು ತುದಿಯನ್ನು ಕಾಲ ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ, ಗೀರಿನವರೆಗೆ ಎಳೆದು, ಅಲ್ಲಿಗೆ ಗಂಟು ಹಾಕಿ, ಸುತ್ತಿ ಜೇಬಿಗಿಟ್ಟುಕೊಂಡು ಹೋದ. ಮುಂದೊಮ್ಮೆ ಮಸ್ಕಿಗೆ ಹೋದಾಗ ಅವರ ಮನೆಗೆ ಹೋಗಿದ್ದೆ. ಫೋಟೋ ಇರಬೇಕಾದ ಗೋಡೆಯ ಮೇಲೆ ಒಂದು ಮೊಳೆ ಹೊಡೆದು, ಆ ಹಳೆಯ ಬಿಳಿ ರುಮಾಲನ್ನು ತೂಗುಹಾಕಿದ್ದರು. ಮೊಳೆಯ ಎತ್ತರವನ್ನು ನಾನು ಅಳೆಯಲಿಲ್ಲ, ಅಳೆಯುವ ಅಗತ್ಯವಿರಲಿಲ್ಲ.

ಈಗಲೂ ಬಂದವರು ಗೀರುಗಳನ್ನು ಕಂಡು ಯಾವ ಮಗುವಿನದು ಎನ್ನುತ್ತಾರೆ. ನಾನೀಗ ಹೂಂಗುಟ್ಟುವುದಿಲ್ಲ. ಮೇಲಿನದು ದ್ಯಾವಣ್ಣನದು, ಕೆಳಗಿನದು ನನ್ನದು ಎಂದು ಹೇಳುತ್ತೇನೆ. ಅವರು ಕೆಳಗಿನ ಗೀರನ್ನು ನೋಡುತ್ತಾರೆ, ಅದಕ್ಕಿಂತ ನಾಲ್ಕು ಬೆರಳು ಎತ್ತರವಿರುವ ನನ್ನನ್ನು ನೋಡುತ್ತಾರೆ, ಮರ್ಯಾದಸ್ಥರಾದ್ದರಿಂದ ಏನೂ ಅನ್ನದೆ ಚಹಾ ಕುಡಿಯುತ್ತಾರೆ.