ನನ್ನ ತಂಗಿಗೆ ತಿನ್ನಿಸಿದ್ದು

ನನ್ನ ತಂಗಿ ಬಸವೇಶ್ವರಿಯನ್ನು ನೀವು ಇಳಕಲ್ಲಿನಲ್ಲಿ ಮಗ್ಗದ ಮುಂದೆ ನೋಡಬೇಕಿತ್ತು. ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಳೆಂದರೆ ಸೀರೆಯ ಸೆರಗು ಮುಗಿಯುವ ತನಕ ಏಳುತ್ತಿರಲಿಲ್ಲ. ಕರೆದರೆ ‘ತಡಿ ಅಕ್ಕಾ, ಇನ್ನೊಂದೀಟು’ ಎನ್ನುತ್ತಿದ್ದಳು. ಗುಡೂರಿನಿಂದ ಬಸ್ಸು ಹತ್ತಿ ಬಂದ ನನಗೆ ಒಂದು ಗುಟುಕು ಚಹಾ ಬೇಕಾದರೆ ನಾನೇ ಒಲೆ ಹಚ್ಚಬೇಕು! ಈಗ ಅವಳನ್ನು ಮಂಚದ ಮೇಲೆ ಕೂಡಿಸಿಬಿಟ್ಟಿದ್ದಾರೆ.

ಮದುವೆಯಾಗಿ ವರ್ಷಗಳು ಉರುಳಿದವು, ವಯಸ್ಸು ನಲವತ್ತರ ಹತ್ತಿರ ಬಂತು, ಮಕ್ಕಳಾಗಲಿಲ್ಲ. ಗಂಡ ವೀರೇಶನ ಜೊತೆ ಬಾಗಲಕೋಟೆಯ ದವಾಖಾನೆಗೆ ಓಡಾಡಿ ಪ್ರನಾಳ ಶಿಶು ಚಿಕಿತ್ಸೆ ಮಾಡಿಸಿಕೊಂಡಳು. ಮೊದಲ ಸಲ ಒಳಗಿಟ್ಟ ಭ್ರೂಣ ನಿಲ್ಲಲಿಲ್ಲ. ಉಳಿದದ್ದು ಒಂದೇ ಒಂದು. ಅದನ್ನು ದವಾಖಾನೆಯವರು ಥಂಡಿಯಲ್ಲಿ ಕಾದಿಟ್ಟಿದ್ದಾರೆ. ಮತ್ತೆ ಮೊದಲಿನಿಂದ ಸೂಜಿ ಚುಚ್ಚಿಸಿಕೊಳ್ಳುವ ಶಕ್ತಿ ಅವಳಲ್ಲಿ ಇಲ್ಲ. ಆ ಒಂದರ ಮೇಲೆಯೇ ಅವಳ ಜೀವ.

ಡಾಕ್ಟರ್ ಪ್ರಿಯದರ್ಶಿನಿ ಸ್ಕ್ಯಾನ್ ನೋಡಿ, ‘ಗರ್ಭಚೀಲದ ಒಳಪದರ ತೆಳ್ಳಗದ. ಗುಳಗಿ ಕೊಡ್ತೇನಿ, ಪದರ ಬೆಳೀಲಿ, ಆಮ್ಯಾಲೆ ಇಡೂಣು’ ಎಂದರು. ಅಷ್ಟೇ. ತಿನ್ನು ಎನ್ನಲಿಲ್ಲ, ಮಲಗು ಎನ್ನಲಿಲ್ಲ.

ಆದರೆ ನೇಕಾರರ ಮನೆ ನೋಡಿ! ಅವಳ ಅತ್ತೆ ದುರ್ಗವ್ವ ನೂಲಿನ ಜೊತೆಯೇ ಬೆಳೆದವಳು. ಮಗ್ಗದ ಉದ್ದಕ್ಕೆ ಬಿಗಿಯುವ ಹಾಸಿನ ಎಳೆ ಸೊರಗಿದ್ದರೆ ಅದಕ್ಕೆ ಗಂಜಿ ಕುಡಿಸುತ್ತಾರೆ, ಎಳೆ ಗಟ್ಟಿಯಾಗಿ ಮಗ್ಗದಲ್ಲಿ ತುಂಡಾಗದೆ ನಿಲ್ಲುತ್ತದೆ. ಆಕೆ ಅದನ್ನೇ ಹಿಡಿದಳು. ‘ಎಳಿಗಿ ಗಂಜಿ ಕೊಟ್ಟಂಗ ಇಕಿಗೆ ತುಪ್ಪ ಕೊಡ್ತೇನಿ. ಮೈ ತುಂಬಿದ್ರ ಪದರ ತಾನ ತುಂಬತೈತಿ’ ಎಂದಳು.

ಬಾಣಂತಿಗೆ ಕೊಡುವ ಅಂಟಿನ ಉಂಡೆಯನ್ನು ಬಸಿರಾಗುವ ಮೊದಲೇ ಕಟ್ಟಿದಳು. ಬೆಳಿಗ್ಗೆ ಉಂಡೆ, ಮಧ್ಯಾಹ್ನ ಹೋಳಿಗೆ ತುಪ್ಪ, ಸಂಜೆ ಅಮೀನಗಡದ ಕರದಂಟು. ಓಣಿಯ ಹೆಂಗಸರೂ ಸೆರಗಿನಲ್ಲಿ ಏನಾದರೊಂದು ಮುಚ್ಚಿಕೊಂಡು ಬರುವವರೇ. ತುಳಿದರೆ ಹೊಟ್ಟೆ ಅಲುಗುತ್ತದೆಂದು ಮಗ್ಗವನ್ನೂ ಬಿಡಿಸಿದರು. ‘ಡಾಕ್ಟರಿಗೆ ಒಂದು ಮಾತು ಕೇಳ್ರೆವ್ವಾ’ ಎಂದು ನಾನು ಬಾಯಿ ಬಡಿದುಕೊಂಡೆ. ‘ನಿನಗ ನಾಕು ಮಕ್ಕಳದಾವ, ನಿನಗೇನು ಗೊತ್ತು?’ ಎಂದಳು ದುರ್ಗವ್ವ. ನಾಲ್ಕು ಹೆತ್ತವಳಿಗೆ ಏನೂ ಗೊತ್ತಿಲ್ಲವಂತೆ! ವೀರೇಶನೋ, ಆ ಮನುಷ್ಯನಿಗೆ ಬಾಯಿ ಇರುವುದು ಎಲೆ ಅಡಿಕೆ ಹಾಕಿಕೊಳ್ಳುವುದಕ್ಕೆ ಮಾತ್ರ.

ಬಸವೇಶ್ವರಿ ಮೊದಲೇ ತುಂಬು ಮೈಯವಳು. ‘ಪದರ ದಪ್ಪ ಆದ್ರ ಸಾಕು ಅಕ್ಕಾ’ ಎಂದು, ವಾಕರಿಕೆ ಬಂದರೂ ಕಣ್ಣು ಮುಚ್ಚಿ ನುಂಗುತ್ತಿದ್ದಳು. ಅವಳ ಕುಪ್ಪಸದ ಹೊಲಿಗೆ ಬಿಚ್ಚಿ ಬಿಚ್ಚಿ ನನಗೆ ಸಾಕಾಗಿಹೋಯಿತು.

ಹೋದ ವಾರ ಬಾಗಲಕೋಟೆಗೆ ಅವಳ ಜೊತೆ ನಾನೂ ಹೋದೆ, ದುರ್ಗವ್ವನೂ ಬಂದಳು. ಸ್ಕ್ಯಾನಿನಲ್ಲಿ ಪದರ ಚೆನ್ನಾಗಿ ಬೆಳೆದಿತ್ತು. ‘ನೋಡಿದ್ಯಾ?’ ಎಂದು ದುರ್ಗವ್ವ ನನ್ನ ತೋಳು ತಿವಿದಳು. ಆಮೇಲೆ ಬಸವೇಶ್ವರಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಡಾಕ್ಟರ ಮುಖ ಇಳಿಯಿತು.

‘ಪದರ ಬೆಳದದ್ದು ಗುಳಗಿಯಿಂದ, ತುಪ್ಪದಿಂದ ಅಲ್ಲ. ಬರೇ ಪದರ ಚಲೋ ಇದ್ರ ಸಾಲೂದಿಲ್ಲ. ತೂಕ ಇಷ್ಟು ಏರಿದ್ರ ಬಸಿರು ನಿಲ್ಲೂದು ಕಷ್ಟ, ನಿಂತ್ರೂ ಇಳದುಹೋಗೋ ಅಂಜಿಕಿ ಹೆಚ್ಚು. ಇರೂದು ಒಂದ. ಮದ್ಲ ತೂಕ ಇಳಸ್ರಿ, ಆಮ್ಯಾಲೆ ಇಡೂಣು.’

‘ನಾ ಚಲೋದಕ್ಕ ಮಾಡಿದ್ನಿ’ ಎಂದಳು ದುರ್ಗವ್ವ ಸಣ್ಣ ದನಿಯಲ್ಲಿ. ನನಗೆ ಮೈಯೆಲ್ಲ ಉರಿಯಿತು. ಒಳ್ಳೆಯದಕ್ಕೆ ಮಾಡಿದೆ ಎನ್ನುವವರನ್ನು ಬಾಯಿ ತುಂಬ ಬೈಯುವುದಕ್ಕೂ ಆಗುವುದಿಲ್ಲವಲ್ಲ, ಅದೇ ನನ್ನ ಸಂಕಟ.

ಬಸವೇಶ್ವರಿ ಯಂತ್ರದಿಂದ ಇಳಿಯಲೇ ಇಲ್ಲ. ‘ಎಷ್ಟು ದಿನ ಕಾಯಬೇಕ್ರಿ?’ ಎಂದಳು.

‘ಕಡಿಮಿ ಅಂದ್ರೂ ಆರು ತಿಂಗಳು ಬೇಕವ್ವ. ನೀ ಅಂಜಬ್ಯಾಡ. ಥಂಡ್ಯಾಗ ಇಟ್ಟದ್ದಕ್ಕ ಏನೂ ಆಗೂದಿಲ್ಲ, ಅದಕ್ಕ ವಯಸ್ಸಾಗೂದಿಲ್ಲ.’

‘ಅದಕ್ಕ ಆಗೂದಿಲ್ಲರಿ,’ ಎಂದಳು ನನ್ನ ತಂಗಿ. ‘ನನಗ ಆಗತೈತಲ್ರಿ.’