ಬಳ್ಳಿ ಅಕ್ಷರದ ಲಗ್ನಪತ್ರಿಕೆ

ಇದು ಹೀಗೇ ನಡೆಯಿತೆಂದು ಆಣೆ ಮಾಡಿ ಹೇಳಲಾರೆ. ತಂಗಿ ಸವಿತಳ ಲಗ್ನಪತ್ರಿಕೆಗೆ ಆ ಬಳ್ಳಿಯಂಥ ಅಕ್ಷರ ಆರಿಸಿದವನು ನಾನೇ, ಅಷ್ಟು ಗಟ್ಟಿ. ಮಿಕ್ಕದ್ದನ್ನು ನಾನು ಹೇಳುವುದೊಂದು ಬಗೆ, ಮನೆಯವರು ಹೇಳುವುದೊಂದು ಬಗೆ.

ಮೈಸೂರಿನಲ್ಲಿ ಎಂ.ಎ. ಓದಿ ಬಂದ ನನಗೆ ಮದ್ದೂರಿನ ಮಾಮೂಲಿ ಪತ್ರಿಕೆಗಳು ಬಸ್ಸಿನ ಬೋರ್ಡಿನಂತೆ ಕಾಣುತ್ತಿದ್ದವು. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ಒಂದು ಫಾಂಟ್ ತೆಗೆಸಿದೆ. ಕೊಂಬು, ದೀರ್ಘ, ಒತ್ತು ಎಲ್ಲವೂ ಕುಂಚದಿಂದ ಎಳೆದಂತೆ. ಒಂದಕ್ಷರದ ತುದಿ ಇನ್ನೊಂದರ ಹೆಗಲ ಮೇಲೆ. ತಾಳೆಗರಿ ಹರಿಯದಿರಲೆಂದೇ ನಮ್ಮ ಅಕ್ಷರ ಗುಂಡಗಾಯಿತು ಎಂದು ತರಗತಿಯಲ್ಲಿ ಕೇಳಿದ್ದೆ. ಅದೂ ಎಷ್ಟು ನಿಜವೋ, ಪ್ರೆಸ್ಸಿನ ಪುಟ್ಟಸ್ವಾಮಿಗೆ ಮಾತ್ರ ಗಂಭೀರವಾಗಿಯೇ ಹೇಳಿದೆ.

"ಗರಿ ಅಂಗಿರ್ಲಿ ಸಾ, ಈ ಬಾಲಗಳ ಮಧ್ಯ ನಿಮ್ ನೆಂಟ್ರುನ್ನ ಎಲ್ ಕೂರ್ಸನ?" ಎಂದ.

ನಮ್ಮ ಕಡೆ ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟರೆ ಒಂದು ಮನೆಯೇ ಬಿಟ್ಟಂತೆ. ಹಾಗಾಗಿ ಮುಂಬದಿಯಲ್ಲಿ ಭಾನುವಾರದ ಮುಹೂರ್ತ, ಬಳ್ಳಿ ಅಕ್ಷರದಲ್ಲಿ. ಹಿಂಬದಿಯಲ್ಲಿ ನೆಂಟರ ಹೆಸರು, ಅದರ ಕೆಳಗೆ ಮಂಗಳವಾರದ ಬೀಗರ ಊಟ, ದಪ್ಪನೆಯ ಮಾಮೂಲಿ ಅಕ್ಷರದಲ್ಲಿ. ಪತ್ರಿಕೆ ಕೈಗೆ ಬಂದರೆ ಜನ ಮೊದಲು ಹುಡುಕುವುದು ತಮ್ಮ ಹೆಸರನ್ನು ಎಂಬುದು ನನ್ನ ಎಂ.ಎ.ಯಲ್ಲಿ ಇರಲಿಲ್ಲ. ಹೆಸರು ಸಿಕ್ಕಿತು, ಕೆಳಗೇ ಮಾಂಸದೂಟವೂ ಸಿಕ್ಕಿತು. ಆ ಕಡೆ ಮಗುಚಿ ತಿಣುಕುವ ಕಷ್ಟ ಯಾರಿಗೆ ಬೇಕು?

ಭಾನುವಾರ ಬೆಳಿಗ್ಗೆ ಛತ್ರದಲ್ಲಿ ಅರ್ಧ ಕುರ್ಚಿ ಖಾಲಿ. ಸವಿತಳ ಕಣ್ಣು ಬಾಗಿಲ ಮೇಲೆ. ಹಲಗೂರಿನ ಸೋದರಮಾವ ಕೈಹಿಡಿದು ಕರೆತರದೆ ಹೆಣ್ಣು ಮಂಟಪಕ್ಕೆ ಬರುವಂತಿಲ್ಲ.

"ಮಾವ ಬರ್ದಿದ್ರೆ ನಿನ್ ಅಕ್ಸರುನ್ನೇ ಕರ್ಕಂಡ್ ಬಾ ಕಣಣ್ಣ. ಉದ್ದುದ್ದ ಕೈ ಅವಲ್ಲ, ಇಡ್ಕಂಡ್ ಓಯ್ತೀನಿ" ಎಂದಳು. ನಕ್ಕೇ ಹೇಳಿದಳು. ಕಣ್ಣಲ್ಲಿ ಮಾತ್ರ ನೀರಿತ್ತು.

ನಾನು ಸ್ಕೂಟರ್ ಹತ್ತಿ ಹಲಗೂರಿಗೆ ಹೋಗಿ ಮಾವನನ್ನು ಕರೆತಂದೆ ಎಂಬುದು ನನ್ನ ನೆನಪು. ಖಾಲಿ ಕುರ್ಚಿ ಕಂಡೊಡನೆ ಸವಿತಳೇ ಫೋನ್ ಮಾಡಿದ್ದಳು, ಮಾವ ಪಕ್ಕದ ಮನೆಯವರ ಬೈಕ್ ಹತ್ತಿ ಬಂದರು, ನಾನು ಕಂಬಕ್ಕೆ ಒರಗಿ ನಿಂತಿದ್ದೆ ಎಂಬುದು ಮನೆಯವರ ನೆನಪು. ಮುಹೂರ್ತಕ್ಕೆ ಮುಂಚೆ ಬಂದರು ಎಂಬುದರಲ್ಲಿ ಜಗಳವಿಲ್ಲ. ಸವಿತ ಅವರ ಕೈಯನ್ನು ಅದೆಷ್ಟು ಬಿಗಿಯಾಗಿ ಹಿಡಿದಳೆಂದರೆ, ಬಳೆಯೊಂದು ಒಡೆಯಿತು.

"ಮುಂದ್ಗಡೆ ಇರೋದ್ ರಂಗೋಲಿ ಅನ್ಕಂಡಿದ್ದೆ ಕಣ್ಲಾ" ಎಂದರು ಮಾವ. ನನ್ನ ಮುಖ ನೋಡಿ ಮರುಕ ಬಂದಿರಬೇಕು. "ಸಂದಾಗದೆ ಬುಡು, ಕಟ್ಟು ಆಕುಸ್ತೀನಿ."

ಮಂಗಳವಾರ ಎಲೆ ಸಾಲಲಿಲ್ಲ.

ಮಾವನ ಆ ಮಾತನ್ನು ನನ್ನ ಅಭಿರುಚಿಗೆ ಸಿಕ್ಕ ಪ್ರಶಸ್ತಿಯೆಂದು ಬಹುಕಾಲ ಹೇಳಿಕೊಂಡು ತಿರುಗಿದೆ. ಮೊನ್ನೆ ಅದರ ಮೇಲೂ ಅನುಮಾನ ಬಂದು ಹಲಗೂರಿಗೇ ಹೋಗಿ ನೋಡಿದೆ. ಕಟ್ಟು ಹಾಕಿಸಿರುವುದು ನಿಜ. ದೇವರ ಪಟಗಳ ಪಕ್ಕದಲ್ಲೇ ಇದೆ, ಗಾಜು ಹೊಳೆಯುತ್ತಿದೆ. ಹಿಂಬದಿ ಹೊರಕ್ಕೆ. ಪಟ್ಟಿಯಲ್ಲಿ ಮೂರನೆಯದು ಮಾವನ ಹೆಸರು. ಬಾಗಿಲಲ್ಲಿ ನಿಂತೇ ಓದಬಹುದು.